ಮನೆಯಿಂದ ಕಾರಿನಲ್ಲಿ ಹೋಗಬಹುದಾದ ಏರ್‌ಲೈನ್: ನನ್ನ ಅನುಭವ

ನಾನು ಹಾರಿಸುವ ವಿಮಾನದ ಮೈಮೇಲೆ ಇರುವ ಹೆಸರು ಒಂದು, ನನಗೆ ಸಂಬಳ ಕೊಡುವ ಕಂಪನಿ ಇನ್ನೊಂದು. ಇಲ್ಲಿನ ಕನ್ನಡ ಕೂಟದಲ್ಲಿ ಯಾರಾದರೂ "ಯಾವ ಏರ್‌ಲೈನ್?" ಅಂತ ಕೇಳಿದರೆ ಬಿಡಿಸಿ ಹೇಳೋಕೆ ಐದು ನಿಮಿಷ ಬೇಕು. ಬೆಂಗಳೂರಿನವರಿಗಾದರೆ ಬಿಎಂಟಿಸಿ ಎಲೆಕ್ಟ್ರಿಕ್ ಬಸ್ಸಿನ ಉದಾಹರಣೆ ಕೊಡುತ್ತೇನೆ. ಬಸ್ಸಿನ ಮೇಲೆ ಬಿಎಂಟಿಸಿ ಅಂತ ಇರುತ್ತದೆ, ಟಿಕೆಟ್ ಅವರದೇ, ಆದರೆ ಬಸ್ಸು ಮತ್ತು ಡ್ರೈವರ್ ಗುತ್ತಿಗೆ ಕಂಪನಿಯವರು. ಅಮೆರಿಕದಲ್ಲಿ ಯುನೈಟೆಡ್ ಎಕ್ಸ್‌ಪ್ರೆಸ್, ಅಮೆರಿಕನ್ ಈಗಲ್, ಡೆಲ್ಟಾ ಕನೆಕ್ಷನ್ ಅಂತ ಓಡಾಡುವ ಸಣ್ಣ ಜೆಟ್‌ಗಳೂ ಹೆಚ್ಚು ಕಡಿಮೆ ಹಾಗೇ. ಅವುಗಳನ್ನು ನಡೆಸುವ ಕಂಪನಿಗಳಿಗೆ ರೀಜನಲ್ ಅಂತ ಹೆಸರು. ಯುನೈಟೆಡ್, ಡೆಲ್ಟಾ, ಅಮೆರಿಕನ್ ಥರದ ದೊಡ್ಡವು ಮೇಜರ್. ಸೇನೆಯಿಂದ ಬಾರದ ಹೆಚ್ಚಿನ ಪೈಲಟ್‌ಗಳು ಮೊದಲು ರೀಜನಲ್‌ಗೆ ಸೇರಿ, ಹಾರಾಟದ ಗಂಟೆ ಕೂಡಿಸಿ, ಆಮೇಲೆ ಮೇಜರ್‌ಗೆ ಹೋಗುತ್ತಾರೆ.

ಯಾವ ರೀಜನಲ್‌ಗೆ ಸೇರಬೇಕು ಅನ್ನೋದನ್ನು ನಾನು ಹೇಗೆ ತೀರ್ಮಾನ ಮಾಡಿದೆ ಅಂತ ಬರೆಯುತ್ತಿದ್ದೇನೆ. ಈ ದಾರಿಯಲ್ಲಿರುವ ಕನ್ನಡದ ಹುಡುಗ ಹುಡುಗಿಯರು ಕೆಲವರು ಕೇಳುತ್ತಾ ಇರುತ್ತಾರೆ, ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿದ್ದು ಸಾಲುವುದಿಲ್ಲ.

ನಾನು 2010ರಲ್ಲಿ ಎಂ.ಎಸ್. ಮಾಡೋಕೆ ಹಾಸನದಿಂದ ಇಲ್ಲಿಗೆ ಬಂದವನು. ಆಮೇಲೆ ಷಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ ಮನೆ, ಸಾಫ್ಟ್‌ವೇರ್ ಕೆಲಸ. 2016ರಲ್ಲಿ ಡುಪೇಜ್ ಏರ್‌ಪೋರ್ಟಿನಲ್ಲಿ ವಾರಾಂತ್ಯಕ್ಕೆ ಹಾರೋದು ಕಲಿಯಲು ಶುರು ಮಾಡಿದೆ. ಎಚ್-1ಬಿಯಲ್ಲಿ ಇದ್ದಾಗಲೂ ಕಲಿಯಬಹುದು, ಅದಕ್ಕೆ ಬೆರಳಚ್ಚು ಕೊಟ್ಟು ಸಾರಿಗೆ ಭದ್ರತಾ ಇಲಾಖೆಯ ಒಪ್ಪಿಗೆ ಪಡೆಯಬೇಕು. ಆದರೆ ಆ ವೀಸಾದಲ್ಲಿ ಹಾರಿ ದುಡಿಯುವ ಹಾಗಿಲ್ಲ. ಪ್ರೈವೇಟ್, ಇನ್‌ಸ್ಟ್ರುಮೆಂಟ್, ಕಮರ್ಷಿಯಲ್ ಲೈಸೆನ್ಸ್ ಎಲ್ಲ ಕೈಯಲ್ಲಿಟ್ಟುಕೊಂಡು ಗ್ರೀನ್ ಕಾರ್ಡಿಗಾಗಿ ಕಾದೆ. ಅದು ಬಂದಿದ್ದು 2022ರ ಜನವರಿಯಲ್ಲಿ. ಬೇಸಿಗೆಯ ಹೊತ್ತಿಗೆ ಕೆಲಸ ಬಿಟ್ಟು ಫ್ಲೈಟ್ ಇನ್‌ಸ್ಟ್ರಕ್ಟರ್ ಆದೆ. ಊರಿನಿಂದ ಮಕ್ಕಳನ್ನು ಇಲ್ಲಿಗೆ ಕಲಿಯೋಕೆ ಕಳಿಸುವ ತಂದೆ ತಾಯಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸಾಮಾನ್ಯವಾಗಿ ರೀಜನಲ್‌ಗಳು ಭಾರತದವರಿಗೆ ವೀಸಾ ಕೊಡಿಸಿ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ. ಗ್ರೀನ್ ಕಾರ್ಡ್ ಇಲ್ಲದ ಹೆಚ್ಚಿನ ಹುಡುಗರು ಕಲಿತು ಭಾರತಕ್ಕೆ ಹೋಗಿ, ಡಿಜಿಸಿಎ (ಅಲ್ಲಿನ ವಿಮಾನಯಾನ ನಿಯಂತ್ರಣ ಇಲಾಖೆ) ಪರೀಕ್ಷೆ ಬರೆದು ಲೈಸೆನ್ಸ್ ಪರಿವರ್ತನೆ ಮಾಡಿಸಿಕೊಳ್ಳುತ್ತಾರೆ. ಲಕ್ಷಾಂತರ ರೂಪಾಯಿ ಕಟ್ಟುವ ಮೊದಲೇ ಇದು ಗೊತ್ತಿರಬೇಕು.

ಇಲ್ಲಿ ಏರ್‌ಲೈನ್ ಕಾಕ್‌ಪಿಟ್‌ನಲ್ಲಿ ಕೂರೋಕೆ 1,500 ಗಂಟೆ ಬೇಕು. ವಿಮಾನಯಾನದ ಪದವಿ ಇದ್ದರೆ 1,000, ಸೇನೆಯಿಂದ ಬಂದವರಿಗೆ 750. ನನ್ನದು ಕಂಪ್ಯೂಟರ್ ಪದವಿ, ಹಾಗಾಗಿ ಪೂರಾ 1,500. ಈ ನಿಯಮ ಬಂದಿದ್ದರ ಹಿಂದೆ ಒಂದು ಅಪಘಾತ ಇದೆ. 2009ರ ಫೆಬ್ರವರಿ 12ರ ರಾತ್ರಿ ನ್ಯೂವಾರ್ಕ್‌ನಿಂದ ಬಫಲೋಗೆ ಹೊರಟಿದ್ದ ಕೋಲ್ಗನ್ ಏರ್ 3407 ಇಳಿಯುವ ಮೊದಲು ಸ್ಟಾಲ್ ಆಗಿ, ಅಂದರೆ ರೆಕ್ಕೆಯ ಎತ್ತುವ ಬಲ ತಪ್ಪಿ, ಮನೆಯೊಂದರ ಮೇಲೆ ಬಿತ್ತು. ವಿಮಾನದಲ್ಲಿದ್ದ 49 ಜನ, ನೆಲದ ಮೇಲೆ ಒಬ್ಬರು ತೀರಿಕೊಂಡರು. ಆ ಕುಟುಂಬಗಳ ಹೋರಾಟದಿಂದ ಕಾನೂನು ಬದಲಾಯಿತು, 2013ರಿಂದ ಫಸ್ಟ್ ಆಫೀಸರ್‌ಗೂ (ಸಹ ಪೈಲಟ್) ಎಟಿಪಿ, ಅಂದರೆ ಈ ಗಂಟೆಗಳನ್ನು ಕೇಳುವ ಏರ್‌ಲೈನ್ ಪೈಲಟ್ ಲೈಸೆನ್ಸ್, ಕಡ್ಡಾಯವಾಯಿತು.

ಇನ್‌ಸ್ಟ್ರಕ್ಟರ್ ಆಗಿದ್ದಾಗ ನಾನು ಆ ತನಿಖಾ ವರದಿಯನ್ನು ಪೂರ್ತಿ ಓದಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಸ್ಟಾಲ್‌ನ ಭಾಗ ಅಲ್ಲ. ಫಸ್ಟ್ ಆಫೀಸರ್ ಹಿಂದಿನ ರಾತ್ರಿಯೆಲ್ಲ ಸಿಯಾಟಲ್‌ನಿಂದ ದೇಶದ ಆ ತುದಿಯಿಂದ ಈ ತುದಿಗೆ ಬೇರೆ ವಿಮಾನಗಳಲ್ಲಿ ಕೂತು ಡ್ಯೂಟಿಗೆ ಬಂದಿದ್ದರು. ಕ್ಯಾಪ್ಟನ್ ಆ ರಾತ್ರಿ ಕಳೆದಿದ್ದು ಏರ್‌ಪೋರ್ಟಿನ ಸಿಬ್ಬಂದಿ ಕೋಣೆಯಲ್ಲಿ. ಇಬ್ಬರಿಗೂ ಬೇಸ್‌ನಲ್ಲಿ, ಅಂದರೆ ಡ್ಯೂಟಿ ಶುರುವಾಗುವ ಊರಿನಲ್ಲಿ, ಮನೆ ಇರಲಿಲ್ಲ. ಆಯಾಸವೇ ಕಾರಣ ಅಂತ ವರದಿ ಹೇಳಲಿಲ್ಲ, ಅದರ ಪಾಲು ಎಷ್ಟು ಅಂತ ಅಳೆಯೋಕೆ ಆಗಲಿಲ್ಲ ಅಂದಿತು. ನನಗೆ ಅಷ್ಟು ಸಾಕಾಯಿತು. ಎಲ್ಲಿ ಮಲಗುತ್ತೇನೆ ಅನ್ನೋದೇ ನನ್ನ ಮೊದಲ ಪ್ರಶ್ನೆ ಆಗಬೇಕು ಅಂತ ಅವತ್ತೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

2023ರ ಶರತ್ಕಾಲದಲ್ಲಿ ಗಂಟೆ ತುಂಬಿತು. ಒಟ್ಟು ಗಂಟೆ ಮಾತ್ರ ಅಲ್ಲ, ಒಳಗಿನ ಲೆಕ್ಕವೂ ತುಂಬಬೇಕು: 500 ಗಂಟೆ ಕ್ರಾಸ್ ಕಂಟ್ರಿ (ಊರಿಂದ ಊರಿಗೆ ದೂರದ ಹಾರಾಟ), 100 ಗಂಟೆ ರಾತ್ರಿ, 75 ಗಂಟೆ ಇನ್‌ಸ್ಟ್ರುಮೆಂಟ್ (ಹೊರಗೆ ನೋಡದೆ ಉಪಕರಣ ನೋಡಿಕೊಂಡು ಹಾರೋದು). ನನಗೆ ಕೊನೆಗೆ ಕೊರತೆಯಾಗಿದ್ದು ಎರಡು ಇಂಜಿನ್ ವಿಮಾನದ ಗಂಟೆ. ಕನಿಷ್ಠ 25 ಆದರೂ ಇಲ್ಲದಿದ್ದರೆ ಕಂಪನಿಗಳು ಮುಂದೆ ಮಾತಾಡುತ್ತಿರಲಿಲ್ಲ, ಉಳಿದದ್ದು ಸಿಮ್ಯುಲೇಟರ್‌ನಲ್ಲಿ ಆಗುತ್ತದೆ. ಆ ವಿಮಾನದ ಬಾಡಿಗೆ ತುಂಬಾ ದುಬಾರಿ. ಇದನ್ನು ಕೊನೆಗೆ ಇಟ್ಟುಕೊಳ್ಳಬೇಡಿ, ಮೊದಲೇ ಸ್ವಲ್ಪ ಸ್ವಲ್ಪ ಮಾಡಿಕೊಳ್ಳಿ.

ಮೂರು ಕಡೆಯಿಂದ ಆಫರ್ ಬಂತು. ನಾನು ಕೆಲಸ ಮಾಡುವ ಜಾಗದ ವಿಷಯ ಆದ್ದರಿಂದ ಹೆಸರು ಹೇಳುವುದಿಲ್ಲ. ಮೊದಲನೆಯದು ದೊಡ್ಡ ಸೈನಿಂಗ್ ಬೋನಸ್ ಕೊಡುತ್ತಿತ್ತು. ಎರಡು ವರ್ಷದ ಕರಾರು, ಮಧ್ಯೆ ಬಿಟ್ಟರೆ ಪೂರ್ತಿ ವಾಪಸ್. ಹೊಸಬರಿಗೆ ಸಿಗುತ್ತಿದ್ದ ಬೇಸ್ ಪೂರ್ವ ಕರಾವಳಿಯಲ್ಲಿ. ಎರಡನೆಯದು ಒಂದು ಮೇಜರ್‌ನ ಸ್ವಂತ ಕಂಪನಿ, ಅಲ್ಲಿ ಫ್ಲೋ ಇತ್ತು. ಫ್ಲೋ ಅಂದರೆ ಮತ್ತೆ ಇಂಟರ್‌ವ್ಯೂ ಇಲ್ಲದೆ ಸರದಿ ಪ್ರಕಾರ ಮೇಜರ್‌ಗೆ ಹೋಗೋದು. ಅಮೆರಿಕನ್ ಏರ್‌ಲೈನ್ಸ್ ಗುಂಪಿನ ಎನ್ವಾಯ್, ಪೀಡ್‌ಮಾಂಟ್, ಪಿಎಸ್‌ಎಗಳಲ್ಲಿ ಇರುವುದು ಇದೇ ವ್ಯವಸ್ಥೆ. ಮೂರನೆಯದರಲ್ಲಿ ಬೋನಸ್ ಇಲ್ಲ, ಫ್ಲೋ ಇಲ್ಲ, ವಿಮಾನ ಹಳೆಯ 50 ಸೀಟಿನ ಸಿಆರ್‌ಜೆ-200. ಆದರೆ ಬೇಸ್ ಷಿಕಾಗೋದ ಓಹೇರ್ ಏರ್‌ಪೋರ್ಟ್. ನಮ್ಮ ಮನೆಯಿಂದ ಕಾರಿನಲ್ಲಿ ಮುಕ್ಕಾಲು ಗಂಟೆ.

ನಾನು ಮೂರನೆಯದನ್ನು ಆರಿಸಿದೆ. ಗೆಳೆಯರಲ್ಲಿ ಜಾಸ್ತಿ ಜನ ಬೇಡ ಅಂದರು. ಹೊಸ ಎಂಬ್ರೇಯರ್ 175 ಬಿಟ್ಟು ಸಿಆರ್‌ಜೆಗೆ ಯಾಕೆ ಹೋಗ್ತೀಯ ಅನ್ನೋದು ಅವರ ಪ್ರಶ್ನೆ.

ನನ್ನ ಲೆಕ್ಕ ಹೀಗಿತ್ತು. ಇಲ್ಲಿ ಏರ್‌ಲೈನ್ ಪೈಲಟ್‌ನ ಬದುಕೆಲ್ಲ ಒಂದು ನಂಬರಿನ ಮೇಲೆ ನಿಂತಿದೆ, ಸೀನಿಯಾರಿಟಿ ನಂಬರ್. ಯಾವ ಬೇಸ್, ಯಾವ ವಿಮಾನ, ಯಾವ ದಿನ ರಜೆ, ದೀಪಾವಳಿಗೆ ಮನೆಯಲ್ಲಿ ಇರುತ್ತೀರಾ ಇಲ್ಲವಾ, ಕ್ಯಾಪ್ಟನ್ ಯಾವಾಗ, ಎಲ್ಲ ಅದರ ಪ್ರಕಾರ. ಕಂಪನಿ ಬದಲಿಸಿದರೆ ಆ ನಂಬರ್ ಹೋಯಿತು, ಹೊಸ ಜಾಗದಲ್ಲಿ ಕೊನೆಯಿಂದ ಶುರು. ಎಷ್ಟೇ ಅನುಭವ ಇದ್ದರೂ ಅಷ್ಟೇ. ಹಾಗಾಗಿ ರೀಜನಲ್‌ನಿಂದ ರೀಜನಲ್‌ಗೆ ಹಾರುವುದು ತುಂಬಾ ನಷ್ಟದ ಕೆಲಸ. ಮೊದಲ ದಿನ ಆರಿಸಿದ್ದರಲ್ಲಿ ಎರಡು ಮೂರು ವರ್ಷ ಸಂತೋಷವಾಗಿ ಉಳಿಯಬಲ್ಲೆನಾ ಅನ್ನೋದೇ ಪ್ರಶ್ನೆ. ನನಗೆ ಆಗ 37. ನಿವೃತ್ತಿ 65ಕ್ಕೆ. ಇರುವ 28 ವರ್ಷದಲ್ಲಿ ಒಂದನ್ನೂ ಸುಮ್ನೆ ಕಳೆಯುವಂತಿರಲಿಲ್ಲ.

ಸಂಬಳದಲ್ಲಿ ದೊಡ್ಡ ವ್ಯತ್ಯಾಸ ಉಳಿದಿರಲಿಲ್ಲ. 2022ರ ಜೂನ್‌ನಲ್ಲಿ ಪೀಡ್‌ಮಾಂಟ್, ಎನ್ವಾಯ್‌ಗಳು ಹೊಸ ಫಸ್ಟ್ ಆಫೀಸರ್‌ಗೆ ಗಂಟೆಗೆ 90 ಡಾಲರ್ ಆಸುಪಾಸು ಕೊಡೋಕೆ ಶುರು ಮಾಡಿದ ಮೇಲೆ ಉಳಿದವರೂ ಏರಿಸಬೇಕಾಯಿತು. ಒಂದು ಮಾತು ನೆನಪಿಡಿ, ಗಂಟೆ ಅಂದರೆ ಮುಖ್ಯವಾಗಿ ವಿಮಾನ ಗೇಟ್ ಬಿಟ್ಟಾಗಿನಿಂದ ಗೇಟ್ ಸೇರುವವರೆಗಿನ ಲೆಕ್ಕ, ನೀವು ಏರ್‌ಪೋರ್ಟಿನಲ್ಲಿ ಕಾಯುವ ಹೊತ್ತಿನದಲ್ಲ. ನನ್ನ ಕರಾರಿನಲ್ಲಿ ತಿಂಗಳಿಗೆ ಕನಿಷ್ಠ 75 ಗಂಟೆಯ ಖಾತ್ರಿ ಇದೆ. ಬೋನಸ್ಸನ್ನು ಎರಡು ವರ್ಷಕ್ಕೆ ಹಂಚಿ, ತೆರಿಗೆ ಕಳೆದು, ಬೇಸ್ ಊರಿನಲ್ಲಿ ಬಂಕ್ ಹಾಸಿಗೆಯ ಬಾಡಿಗೆ, ಊಟ, ಓಡಾಡೋಕೆ ವಿಮಾನ ಸಿಗದ ರಾತ್ರಿಯ ಹೋಟೆಲ್ ಎಲ್ಲ ಕಳೆದರೆ ಉಳಿಯುತ್ತಿದ್ದುದು ಸ್ವಲ್ಪವೇ. ಮಗಳಿಗೆ ಆಗ ಆರು ವರ್ಷ. ಆ ಸ್ವಲ್ಪಕ್ಕೆ ಅವಳ ಜೊತೆಗಿನ ಸಂಜೆಗಳನ್ನು ಕೊಡೋಕೆ ನನಗೆ ಮನಸ್ಸಿರಲಿಲ್ಲ.

ಫ್ಲೋ ಬಗ್ಗೆ ಇನ್ನೂ ಯೋಚನೆ ಮಾಡಿದೆ, ಅದು ನಿಜವಾಗಿಯೂ ಆಕರ್ಷಕ. ಆದರೆ ಫ್ಲೋ ಓಡುವುದು ಮೇಜರ್ ಜನರನ್ನು ತೆಗೆದುಕೊಳ್ಳುತ್ತಿದ್ದರೆ ಮಾತ್ರ. ಸರದಿಯ ಮುಂದೆ ನೂರಾರು ಜನ ಇದ್ದರೆ, ಮೇಜರ್ ಒಂದು ವರ್ಷ ಕೈ ಬಿಗಿ ಹಿಡಿದರೆ, ನಿಮ್ಮ ವರ್ಷವೂ ಅಲ್ಲೇ ನಿಲ್ಲುತ್ತದೆ. 2024ರಲ್ಲಿ ಬೋಯಿಂಗ್‌ನ ಹೊಸ ವಿಮಾನಗಳು ಬರೋದು ತಡವಾಗಿ ದೊಡ್ಡ ಕಂಪನಿಗಳ ನೇಮಕ ನಿಧಾನವಾಯಿತು, ಆಗ ಇದನ್ನು ಕಣ್ಣಾರೆ ಕಂಡೆ. ಫ್ಲೋ ಇದ್ದರೆ ಒಳ್ಳೆಯದೇ, ಅಲ್ವಾ, ಆದರೆ ನಿಮ್ಮ ಮನೆ ಇರುವ ಊರಿನಲ್ಲೇ ಬೇಸ್ ಕೂಡ ಇದ್ದರೆ. ನಾನು ಡಾಲಸ್‌ನಲ್ಲೋ ಷಾರ್ಲಟ್‌ನಲ್ಲೋ ಇದ್ದಿದ್ದರೆ ಬಹುಶಃ ಎರಡನೆಯದಕ್ಕೇ ಹೋಗುತ್ತಿದ್ದೆ.

ಕಂಪನಿ ಉಳಿಯುತ್ತದಾ ಅನ್ನೋದನ್ನೂ ನೋಡಬೇಕು. ರೀಜನಲ್‌ಗೆ ಸ್ವಂತ ಗಿರಾಕಿ ಇಲ್ಲ, ಮೇಜರ್‌ನ ಗುತ್ತಿಗೆಯೇ ಅನ್ನ. 2020ರ ಏಪ್ರಿಲ್‌ನಲ್ಲಿ ಟ್ರಾನ್ಸ್ ಸ್ಟೇಟ್ಸ್ ಮತ್ತು ಕಂಪಸ್ ಬಾಗಿಲು ಹಾಕಿದವು, ಅದೇ ವರ್ಷ ಎಕ್ಸ್‌ಪ್ರೆಸ್‌ಜೆಟ್ ಯುನೈಟೆಡ್‌ನ ಗುತ್ತಿಗೆ ಕಳೆದುಕೊಂಡಿತು. ಅಲ್ಲಿ ಹತ್ತು ಹದಿನೈದು ವರ್ಷ ಇದ್ದವರ ಸೀನಿಯಾರಿಟಿ ನಂಬರ್ ಒಂದೇ ದಿನದಲ್ಲಿ ಬೆಲೆ ಕಳೆದುಕೊಂಡಿತು. ಸ್ಕೈವೆಸ್ಟ್ ಥರ ನಾಲ್ಕು ಮೇಜರ್‌ಗಳಿಗೆ ಹಾರುವವರಿಗೆ ಒಂದು ಗುತ್ತಿಗೆ ಹೋದರೂ ನೆಲೆ ಇರುತ್ತದೆ. 50 ಸೀಟಿನ ವಿಮಾನಕ್ಕೆ ಮುಂದೆ ದೊಡ್ಡ ಭವಿಷ್ಯ ಇಲ್ಲ ಅಂತ ನನಗೂ ಗೊತ್ತಿತ್ತು. ಆದರೆ ಅಲ್ಲಿ ನಾನು ನಿವೃತ್ತನಾಗುವವನಲ್ಲ, ಮೂರು ವರ್ಷ ನಡೆದರೆ ಸಾಕು ಅನ್ನುವ ಲೆಕ್ಕ.

ಈ ವಿಷಯಗಳು ಜಾಹೀರಾತಿನಲ್ಲಿ ಸಿಗುವುದಿಲ್ಲ. ನಾನು ಮಾಡಿದ್ದು ಇಷ್ಟೇ, ಮೂರೂ ಕಂಪನಿಯಲ್ಲಿ ಸೇರಿ ಒಂದು ವರ್ಷ ಆಗದ ಫಸ್ಟ್ ಆಫೀಸರ್‌ಗಳನ್ನು ಹುಡುಕಿ ಮಾತಾಡಿದೆ. ಕ್ಯಾಪ್ಟನ್‌ಗಳನ್ನು ಕೇಳಲಿಲ್ಲ, ಅವರ ಬದುಕು ಬೇರೆ. ಕಳೆದ ತಿಂಗಳು ಎಷ್ಟು ರಾತ್ರಿ ಮನೆಯಲ್ಲಿ ಮಲಗಿದಿರಿ? ಎಷ್ಟು ತಿಂಗಳಿಂದ ರಿಸರ್ವ್‌ನಲ್ಲಿ (ಫೋನ್ ಬಂದರೆ ಹೋಗೋಕೆ ಕಾಯುವ ಡ್ಯೂಟಿ) ಇದ್ದೀರಿ? ನಿಮ್ಮ ಬ್ಯಾಚಿನಲ್ಲಿ ಎಷ್ಟು ಜನ ತರಬೇತಿ ಮುಗಿಸಿದರು, ಮುಗಿಸದವರಿಗೆ ಇನ್ನೊಂದು ಅವಕಾಶ ಕೊಟ್ಟರಾ? ತಿಂಗಳಿಗೆ ಎಷ್ಟು ಗಂಟೆ ಹಾರುತ್ತೀರಿ?

ಆ ಕೊನೆಯ ಪ್ರಶ್ನೆ ಸಣ್ಣದಲ್ಲ. ತರಬೇತಿ ಮುಗಿದ ಮೇಲೆ 120 ದಿನದಲ್ಲಿ 100 ಗಂಟೆ ಹಾರಬೇಕು ಅಂತ ನಿಯಮ ಇದೆ. ಆಮೇಲೆ ಕ್ಯಾಪ್ಟನ್ ಆಗೋಕೆ ಏರ್‌ಲೈನ್ ಹಾರಾಟದಲ್ಲೇ 1,000 ಗಂಟೆ ಬೇಕು, ಸೆಸ್ನಾದಂಥ ಸಣ್ಣ ವಿಮಾನದಲ್ಲಿ ಕಲಿಸಿದ್ದು ಅದಕ್ಕೆ ಲೆಕ್ಕವಿಲ್ಲ. 2023ರಲ್ಲಿ ಹಲವು ರೀಜನಲ್‌ಗಳಲ್ಲಿ ಕ್ಯಾಪ್ಟನ್‌ಗಳ ಕೊರತೆ ಇತ್ತು, ಎಡ ಸೀಟಿಗೆ ಜನ ಇಲ್ಲದೆ ಬಲ ಸೀಟಿನವರು ಸಂಬಳ ತೆಗೆದುಕೊಂಡು ಮನೆಯಲ್ಲಿ ಕೂರುತ್ತಿದ್ದರು. ಕೇಳೋಕೆ ಚೆನ್ನಾಗಿದೆ. ಆದರೆ ಹಾಗೆ ಕೂತವರ 1,000 ಗಂಟೆ ತುಂಬೋಕೆ ಎರಡೂವರೆ ಮೂರು ವರ್ಷ ಹಿಡಿಯಬಹುದು, ಮೇಜರ್ ದಾರಿಯೂ ಅಷ್ಟೇ ದೂರ.

2024ರ ಜನವರಿಯಲ್ಲಿ ಸೇರಿದೆ. ನಮ್ಮ ಬ್ಯಾಚಿನಲ್ಲಿ ನಂಬರ್ ಕೊಟ್ಟಿದ್ದು ವಯಸ್ಸಿನ ಪ್ರಕಾರ, ಹದಿನೆಂಟು ಜನರಲ್ಲಿ ನಾನು ಮೂರನೆಯವನು. ಆ ತಿಂಗಳು ಓಹೇರ್‌ಗೆ ಇದ್ದಿದ್ದು ಎರಡೇ ಜಾಗ. ತರಬೇತಿ ಮುಗಿದ ಮೇಲೆ ಹತ್ತು ವಾರ ಎರಡು ಗಂಟೆ ಹಾರಾಟದ ದೂರದ ಇನ್ನೊಂದು ಊರಿಗೆ ಹಾಕಿದರು. ಕಮ್ಯೂಟ್ ಅಂದರೆ ಏನು ಅಂತ ಆಗ ಗೊತ್ತಾಯಿತು. ನಾಳೆ ಬೆಳಗ್ಗೆ ಆರಕ್ಕೆ ಡ್ಯೂಟಿ ಅಂದರೆ ಇವತ್ತು ಮಧ್ಯಾಹ್ನವೇ ಮನೆ ಬಿಡಬೇಕು. ಜಂಪ್‌ಸೀಟ್ (ಕಾಕ್‌ಪಿಟ್‌ನಲ್ಲಿ ಸಿಬ್ಬಂದಿಗೆ ಇರುವ ಹೆಚ್ಚುವರಿ ಸೀಟು) ಸಿಗದಿದ್ದರೆ ಮುಂದಿನ ವಿಮಾನ, ಅದೂ ಸಿಗದಿದ್ದರೆ ಅದರ ಮುಂದಿನದು. ಎರಡು ದಿನ ರಜೆ ಅಂತ ಹಾಳೆಯಲ್ಲಿ ಇರುತ್ತದೆ, ಮನೆಯಲ್ಲಿ ಸಿಗುವುದು ಒಂದು ದಿನಕ್ಕೆ ಸ್ವಲ್ಪ ಜಾಸ್ತಿ. ಏಳು ಜನ ಇದ್ದ ಅಪಾರ್ಟ್‌ಮೆಂಟಿನಲ್ಲಿ ಬಂಕ್ ಹಾಸಿಗೆ. ಒಬ್ಬರ ಅಲಾರಾಂ ಮೂರೂವರೆಗೆ, ಇನ್ನೊಬ್ಬರು ಬಾಗಿಲು ತೆಗೆಯುವುದು ರಾತ್ರಿ ಒಂದಕ್ಕೆ. 2014ರಿಂದ ಇರುವ ನಿಯಮ ಎರಡು ಡ್ಯೂಟಿ ಮಧ್ಯೆ ಹತ್ತು ಗಂಟೆ ವಿಶ್ರಾಂತಿ ಕೊಡುತ್ತದೆ, ಆದರೆ ಡ್ಯೂಟಿಗೆ ಬರುವ ಮೊದಲು ನೀವು ಎಲ್ಲಿಂದ ಹೇಗೆ ಬಂದಿರಿ ಅನ್ನೋದು ನಿಮ್ಮ ಜವಾಬ್ದಾರಿ. ಒಂದು ದಿನ ಕಣ್ಣು ಎಳೆಯುತ್ತಿತ್ತು, ಫೋನ್ ಮಾಡಿ ಆಯಾಸ ಇದೆ ಅಂತ ಡ್ಯೂಟಿ ಬಿಟ್ಟೆ. ಅದಕ್ಕಾಗಿ ನನಗೆ ಯಾವತ್ತೂ ಬೇಸರವಿಲ್ಲ.

ಹನ್ನೊಂದನೇ ವಾರ ಓಹೇರ್ ಸಿಕ್ಕಿತು. ರಿಸರ್ವ್‌ನಲ್ಲಿ ಇದ್ದಾಗ ಫೋನ್ ಬಂದ ಎರಡು ಗಂಟೆಯಲ್ಲಿ ಏರ್‌ಪೋರ್ಟಿನಲ್ಲಿ ಇರಬೇಕು. ನಾನು ಆ ಫೋನಿಗೆ ಕಾಯುತ್ತಿದ್ದುದು ನಮ್ಮ ಅಡುಗೆಮನೆಯಲ್ಲಿ, ಮಗಳ ಮನೆಪಾಠ ನೋಡಿಕೊಂಡು. ಕೊನೆ ಗಳಿಗೆಯಲ್ಲಿ ಖಾಲಿ ಬೀಳುವ ಟ್ರಿಪ್‌ಗಳನ್ನು ಕಮ್ಯೂಟ್ ಮಾಡುವವರು ತೆಗೆದುಕೊಳ್ಳೋಕೆ ಆಗುವುದಿಲ್ಲ, ನಾನು ತೆಗೆದುಕೊಂಡೆ. ಗಂಟೆಗಳು ಬೇಗ ಕೂಡಿದವು. ಷಿಕಾಗೋದ ಚಳಿಗಾಲದಲ್ಲಿ ಡೀಐಸಿಂಗ್ (ವಿಮಾನದ ಮೇಲಿನ ಮಂಜುಗಡ್ಡೆ ತೆಗೆಸುವ) ಸಾಲು, ಹಿಮದಲ್ಲಿ ರನ್‌ವೇ ಬದಲಾವಣೆ, ಇವೆಲ್ಲ ನಾನು ಚೆನ್ನಾಗಿ ನಿದ್ದೆ ಮಾಡಿ ಕಲಿತ ಪಾಠಗಳು. ಜೊತೆಗೆ ಇನ್‌ಸ್ಟ್ರಕ್ಟರ್ ಆಗಿದ್ದ ಗೆಳೆಯ ಬೋನಸ್ ನೋಡಿ ಮೊದಲ ಕಂಪನಿಗೆ ಹೋಗಿದ್ದ. ಹಾರಾಟದಲ್ಲಿ ಅವನು ನನಗಿಂತ ಚುರುಕು. ಹದಿನಾಲ್ಕು ತಿಂಗಳಿಗೆ ಕಮ್ಯೂಟ್ ಸಾಕಾಗಿ ಬಿಟ್ಟ, ಬೋನಸ್ ವಾಪಸ್ ಕಟ್ಟಿದ, ಈಗ ಇನ್ನೊಂದು ಕಡೆ ಪಟ್ಟಿಯ ಕೊನೆಯಲ್ಲಿದ್ದಾನೆ.

2025ರ ಆಗಸ್ಟ್‌ನಲ್ಲಿ ನನ್ನ 1,000 ಗಂಟೆ ಮುಗಿಯಿತು, ನವೆಂಬರ್‌ನಲ್ಲಿ ಎಡ ಸೀಟಿಗೆ ಬಂದೆ. ಹೊಸ ಕ್ಯಾಪ್ಟನ್ ಆದ್ದರಿಂದ ಮತ್ತೆ ರಿಸರ್ವ್, ಮತ್ತೆ ಅಡುಗೆಮನೆಯಲ್ಲಿ ಫೋನಿಗೆ ಕಾಯೋದು. ಮೇಜರ್‌ಗಳಿಗೆ ಅರ್ಜಿ ಹಾಕಿದ್ದೇನೆ. ಅಲ್ಲೂ ಮೊದಲು ನೋಡಿದ್ದು ಓಹೇರ್‌ನಲ್ಲಿ ಬೇಸ್ ಯಾರಿಗಿದೆ, ಹೊಸಬರಿಗೆ ಅದು ಎಷ್ಟು ತಿಂಗಳಿಗೆ ಸಿಗುತ್ತದೆ ಅನ್ನೋದನ್ನೇ.