ಅನ್ನ ಬಿಡಲಿಲ್ಲ, ಕಾಳು ಹೆಚ್ಚಿಸಿದೆ: ನಾರಿನ ವಿಷಯದಲ್ಲಿ ನನ್ನ ಅನುಭವ

ಊಟದಲ್ಲಿ ನಾರಿನಂಶ ಜಾಸ್ತಿ ಮಾಡಿಕೊಳ್ಳಿ ಅಂತ ಡಾಕ್ಟರ್ ಹೇಳಿದರೆ ನಮ್ಮಲ್ಲಿ ತುಂಬಾ ಜನ ಮೊದಲು ಮಾಡುವ ಕೆಲಸ ಒಂದೇ. ಅಕ್ಕಿ ಡಬ್ಬ ಒಳಗಿಟ್ಟು ಸಿರಿಧಾನ್ಯ ತರುವುದು. ಎರಡು ತಿಂಗಳಿಗೆ ಬೇಜಾರಾಗಿ ಮತ್ತೆ ಅಕ್ಕಿಗೇ ಬರುವುದು. ನನಗೆ ಹೇಳಿದಾಗ ಶುಗರ್ ಬಾರ್ಡರ್‌ನಲ್ಲಿತ್ತು, ಮಲಬದ್ಧತೆ ಅಂತೂ ಹಳೇ ಸ್ನೇಹ. ನಾನು ಅನ್ನ ಬಿಡಲಿಲ್ಲ. ಕಾಳು ಹೆಚ್ಚಿಸಿದೆ.

ಯಾಕೆ ಅಂದರೆ ಲೆಕ್ಕ ಹಾಗಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಬಿಳಿ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ. ರಾಗಿಯಲ್ಲಿ ಸುಮಾರು 11. ಸಿಪ್ಪೆ ಸಮೇತ ಇರುವ ಕಡಲೆಕಾಳಿನಲ್ಲಿ 25ರ ಹತ್ತಿರ! ದಿನಕ್ಕೆ 2000 ಕ್ಯಾಲರಿ ತಿನ್ನುವವರಿಗೆ ಸುಮಾರು 30 ಗ್ರಾಂ ನಾರು ಬೇಕು ಅನ್ನುತ್ತದೆ ಇದೇ ಸಂಸ್ಥೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಕನಿಷ್ಠ 25 ಅನ್ನುತ್ತದೆ. ಬೆಳಿಗ್ಗೆ ಇಡ್ಲಿ, ಎರಡು ಹೊತ್ತು ಅನ್ನ, ತಿಳಿಸಾರು, ಮೊಸರು ಅಂತ ದಿನ ತಳ್ಳಿದರೆ ಇದರ ಅರ್ಧ ಮುಟ್ಟುವುದೂ ಕಷ್ಟ. ಒಂದು ಮುದ್ದೆಗೆ 80 ಗ್ರಾಂ ರಾಗಿ ಹಿಟ್ಟು ಹಿಡಿದರೆ 9 ಗ್ರಾಂ ನಾರು ಸಿಗುತ್ತದೆ. ಒಂದು ಹಿಡಿ, ಅಂದರೆ ಸುಮಾರು 40 ಗ್ರಾಂ ಒಣ ಕಡಲೆಕಾಳು ನೆನೆಸಿ ಬೇಯಿಸಿದರೆ 10. ಮುದ್ದೆ ಮುರಿಯಲು ಬಾರದವರಿಗೆ ಇದು ಒಳ್ಳೆ ಸುದ್ದಿ ಅಲ್ವಾ?

ಹೊಸ ಅಡುಗೆ ಏನೂ ಕಲಿಯಲಿಲ್ಲ. ನಮ್ಮದು ಮಂಡ್ಯ ಕಡೆ, ವಾರಕ್ಕೊಮ್ಮೆಯಾದರೂ ಬಸ್ಸಾರು ಆಗಲೇಬೇಕು. ಕಾಳು, ಸೊಪ್ಪು ಬೇಯಿಸಿ ನೀರು ಬಸಿಯುತ್ತೇವೆ. ಆ ಬಸಿದ ನೀರಿಗೆ ಖಾರ ರುಬ್ಬಿ ಹಾಕಿದರೆ ಸಾರು. ಬಸಿದು ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಹಾಕಿ ಕಾಯಿ ತುರಿದರೆ ಪಲ್ಯ. ನಾರು ಬಹುಪಾಲು ಉಳಿಯುವುದು ಈ ಪಲ್ಯದಲ್ಲೇ. ನಾವು ಬಡಿಸುವುದು ಮಾತ್ರ ಉಲ್ಟಾ. ಸಾರು ಸೌಟುಗಟ್ಟಲೆ, ಪಲ್ಯ ತಟ್ಟೆ ಅಂಚಿಗೆ ಉಪ್ಪಿನಕಾಯಿಯಷ್ಟು. ನಾನು ಬದಲಿಸಿದ್ದು ಈ ಬಡಿಸುವ ಕ್ರಮವನ್ನು. ಮೊದಲು ಒಂದು ಬಟ್ಟಲು ಪಲ್ಯ, ಅದು ಮುಗಿದ ಮೇಲೆ ಅನ್ನ. ಹೊಟ್ಟೆ ಆಗಲೇ ಸ್ವಲ್ಪ ತುಂಬಿರುವುದರಿಂದ ಎರಡನೇ ಸಲ ಅನ್ನಕ್ಕೆ ಕೈ ಹೋಗುವುದು ತಾನಾಗೇ ನಿಂತಿತು. ಸೋಮವಾರ ಹುರುಳಿ, ಬುಧವಾರ ಅಲಸಂದೆ, ಇನ್ನೊಂದು ದಿನ ಹೆಸರುಕಾಳು. ಅವರೆಕಾಯಿ ಕಾಲ ಬಂತು ಅಂದರೆ ವಾರದ ಲೆಕ್ಕವೇ ಇಲ್ಲ. ದಂಟಿನ ಸೊಪ್ಪಿನ ಎಳೆ ದಂಟು, ಹೀರೇಕಾಯಿ ಸಿಪ್ಪೆ ಕಸದ ಬುಟ್ಟಿಗೆ ಹೋಗುವುದಿಲ್ಲ. ಸಿಪ್ಪೆಯನ್ನು ಎಣ್ಣೆಯಲ್ಲಿ ಬಾಡಿಸಿ, ಹುಣಸೆ, ಒಣಮೆಣಸಿನಕಾಯಿ, ಕಾಯಿ ಹಾಕಿ ರುಬ್ಬಿದರೆ ದೋಸೆಗೆ ಅದಕ್ಕಿಂತ ಚಟ್ನಿ ಬೇಡ.

ಬಾಳೆದಿಂಡು ತಿಂಗಳಿಗೊಮ್ಮೆ ಸಿಕ್ಕರೆ ಪುಣ್ಯ. ಬಿಲ್ಲೆ ಬಿಲ್ಲೆಯಾಗಿ ಹೆಚ್ಚುವಾಗ ಎಳೆ ಎಳೆಯಾಗಿ ದಾರ ಬರುತ್ತದೆ. ಪ್ರತಿ ಬಿಲ್ಲೆ ಕುಯ್ದಾಗಲೂ ಆ ದಾರವನ್ನು ತೋರುಬೆರಳಿಗೆ ಸುತ್ತಿ ಎಳೆದುಬಿಡಬೇಕು, ಇಲ್ಲದಿದ್ದರೆ ಬಾಯಿಗೆ ಸಿಗುತ್ತದೆ. ಹೆಚ್ಚಿದ್ದನ್ನು ತಕ್ಷಣ ನೀರು ಮಜ್ಜಿಗೆಯಲ್ಲಿ ಹಾಕಿ, ಕಪ್ಪಾಗುವುದಿಲ್ಲ. ನೆನೆಸಿದ ಹೆಸರುಬೇಳೆ ಜೊತೆ ಕೋಸಂಬರಿ ಮಾಡಿದರೆ ಮಕ್ಕಳೂ ತಿನ್ನುತ್ತಾರೆ. ದಾರ ತೆಗೆದರೆ ನಾರು ಹೋಯಿತಲ್ಲ ಅಂತ ನಮ್ಮ ಮನೆಯಲ್ಲೇ ಕೇಳಿದ್ದಾರೆ. ಕಣ್ಣಿಗೆ ಕಾಣುವ ಎಳೆಯಷ್ಟೇ ನಾರಲ್ಲ. ಉಳಿದ ದಿಂಡಿನಲ್ಲೂ ಇದ್ದೇ ಇರುತ್ತದೆ.

ಈಗ ಗ್ಯಾಸ್ ವಿಷಯ. ಇದಕ್ಕೆ ಹೆದರಿಯೇ ಕಾಳು ಬಿಡುವವರು ಜಾಸ್ತಿ. ನಮಗೆ ಜೀರ್ಣವಾಗದ ನಾರು ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದರಲ್ಲಿ ಒಂದಷ್ಟನ್ನು ಹುದುಗಿಸಿ, ಕರುಳಿನ ಒಳಪದರಕ್ಕೆ ಬೇಕಾದ ಕೊಬ್ಬಿನಾಮ್ಲಗಳನ್ನು ಮಾಡುತ್ತವೆ. ಗಾಳಿ ಹುಟ್ಟುವುದೂ ಅಲ್ಲೇ. ಒಂದೇ ದಿನ ಮೂರು ಹೊತ್ತೂ ಕಾಳು ತಿಂದರೆ ಹೊಟ್ಟೆ ಉಬ್ಬದೆ ಇನ್ನೇನಾಗುತ್ತದೆ? ನಾನು ಮೊದಲು ಮಧ್ಯಾಹ್ನಕ್ಕೆ ಮಾತ್ರ ಅರ್ಧ ಬಟ್ಟಲಿನಿಂದ ಶುರು ಮಾಡಿದೆ. ಹೊಟ್ಟೆ ಒಗ್ಗಿದ ಮೇಲೆ ಹೆಚ್ಚಿಸಿದೆ. ಕಾಳನ್ನು ರಾತ್ರಿಯಿಡೀ ನೆನೆಸಿ ಆ ನೀರು ಚೆಲ್ಲುತ್ತೇನೆ, ಹೊಟ್ಟೆ ಉಬ್ಬಿಸುವ ಸಕ್ಕರೆಯಂಶ ಸ್ವಲ್ಪ ಅದರ ಜೊತೆಗೇ ಹೋಗುತ್ತದೆ. ಮೊಳಕೆ ಬರಿಸಿದರೆ ಇನ್ನೂ ಹಗುರ. ನೀರು ಚೆನ್ನಾಗಿ ಕುಡಿಯಲೇಬೇಕು. ನಾರು ಹೆಚ್ಚಿಸಿ ನೀರು ಮರೆತರೆ ಮಲ ಇನ್ನಷ್ಟು ಗಟ್ಟಿಯಾಗುತ್ತದೆ.

ಹೊಟ್ಟೆ ಸಲೀಸಾಯಿತು, ಅದು ಖಂಡಿತ. ಶುಗರ್ ಕೂಡ ಇಳಿಯಿತು, ಆದರೆ ಅದೇ ಸಮಯಕ್ಕೆ ಸಂಜೆ ವಾಕಿಂಗ್ ಕೂಡ ಶುರು ಮಾಡಿದ್ದೆ, ಹಾಗಾಗಿ ಪೂರ್ತಿ ಶ್ರೇಯಸ್ಸನ್ನು ಕಾಳಿಗೆ ಕೊಡಲಾರೆ. ಊಟದಲ್ಲಿ ನಾರಿದ್ದರೆ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ ಅನ್ನುವುದಂತೂ ನಿಜ.

ಶುರುವಿನಲ್ಲಿ ಇಸಬ್‌ಗೋಲ್ ಕೂಡ ತೆಗೆದುಕೊಂಡಿದ್ದೆ. ಕೆಲಸ ಮಾಡುತ್ತದೆ, ಬೈಯುವಂಥದ್ದೇನಿಲ್ಲ. ತುಂಬಾ ನೀರಿನ ಜೊತೆ ಕುಡಿಯಬೇಕು, ಮಾತ್ರೆ ನುಂಗುವವರು ನಡುವೆ ಒಂದೆರಡು ಗಂಟೆ ಬಿಡಬೇಕು. ಹಣ್ಣನ್ನು ಸೋಸಿ ಜ್ಯೂಸ್ ಮಾಡಿ ಕುಡಿಯುವುದು ನನಗೆ ಸುಮ್ನೆ ದಂಡ ಅನ್ನಿಸುತ್ತದೆ. ಸೀಬೆಹಣ್ಣು ಬೀಜ ಸಮೇತ ಕಚ್ಚಿ ತಿನ್ನಿ. ಫೈಬರ್ ಬಿಸ್ಕತ್ತಿನ ಪ್ಯಾಕೆಟ್ ಹಿಂದೆ ಬರೆದಿರುವುದು 100 ಗ್ರಾಂ ಲೆಕ್ಕ, ನೀವು ತಿನ್ನುವುದು ಎರಡು ಬಿಸ್ಕತ್ತು. ನಾರಿನ ಅಂಕಿ ನೋಡಿದವರು ಅಲ್ಲೇ ಇರುವ ಸಕ್ಕರೆಯದ್ದನ್ನೂ ನೋಡಿಬಿಡಿ. ಕರುಳಿನ ಆಪರೇಷನ್ ಆದವರು, ಕರುಳಿನ ಕಾಯಿಲೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಇದ್ಯಾವುದನ್ನೂ ಶುರು ಮಾಡಬೇಡಿ.

ಅಮ್ಮನಿಗೆ ಹಲ್ಲಿಲ್ಲ, ಇಡೀ ಕಾಳು ಅಗಿಯಲಾಗುವುದಿಲ್ಲ. ಅವರಿಗೆ ಸೊಪ್ಪು, ಬೇಳೆ, ಜೊತೆಗೊಂದಿಷ್ಟು ಹೆಸರುಕಾಳು ಬೇಯಿಸಿ ಕಡಗೋಲಿನಲ್ಲಿ ಮಸೆದು ಮಸೊಪ್ಪು ಮಾಡುತ್ತೇನೆ. ಮಸೆದರೆ ನಾರು ಎಲ್ಲೂ ಹೋಗುವುದಿಲ್ಲ, ಸೋಸಬಾರದು ಅಷ್ಟೇ.