ಗಂಟೆಗೆ ಗಂಟೆ ಲೆಕ್ಕ, ಒಪ್ಪಂದ ವಿಡಿಯೋದಲ್ಲೇ ಇರ್ಲಿ

ನಮ್ ಕಿವುಡರ ಗುಂಪುಗಳಲ್ಲಿ ಒಬ್ರಿಗೊಬ್ರು ಕೆಲಸ ಮಾಡ್ಕೊಡೋದು ಹೊಸದೇನಲ್ಲ, ಆದ್ರೆ ಲೆಕ್ಕ ಇಡದಿದ್ರೆ ಯಾವಾಗ್ಲೂ ಅದೇ ನಾಲ್ಕು ಜನ ದುಡೀತಿರ್ತಾರೆ, ಅದಕ್ಕೇ ಟೈಮ್ ಬ್ಯಾಂಕ್ ಮಾಡಿ ನೋಡಿ. ಒಂದು ಗಂಟೆ ಕೆಲಸಕ್ಕೆ ಒಂದು ಗಂಟೆ ಜಮಾ, ನಲ್ಲಿ ರಿಪೇರಿ ಆಗ್ಲಿ ಮಗು ನೋಡ್ಕೊಳ್ಳೋದಾಗ್ಲಿ ಬೆಲೆ ಒಂದೇ. 1973ರಲ್ಲೇ ಜಪಾನಿನ ಒಸಾಕಾದಲ್ಲಿ ತೆರುಕೊ ಮಿಜುಶಿಮಾ ಅನ್ನೋರು ಇಂಥದ್ದು ಶುರು ಮಾಡಿದ್ರು.

ಒಪ್ಪಂದನ ದಯವಿಟ್ಟು ಬರೀ ಮೆಸೇಜಲ್ಲಿ ಮಾಡ್ಬೇಡಿ. ನಮ್ಮಲ್ಲಿ ತುಂಬಾ ಜನಕ್ಕೆ ಬರಹ ಎರಡನೇ ಭಾಷೆ, "ಸಾಮಾನು ಯಾರ್ದು" ಅನ್ನೋದ್ರಲ್ಲೇ ಜಗಳ ಹತ್ಕೊಳ್ಳುತ್ತೆ. ಇಬ್ರೂ ಸೈನ್ ಭಾಷೇಲಿ (ಕೈಸನ್ನೆ ಭಾಷೇಲಿ) ಹೇಳಿ ಅರ್ಧ ನಿಮಿಷದ ವಿಡಿಯೋ ತೆಗ್ದು ಗ್ರೂಪಿಗೆ ಹಾಕಿ: ಏನ್ ಕೆಲಸ, ಎಷ್ಟು ಗಂಟೆ, ಯಾವತ್ತು. ಫೋನ್ ಎದೆಮಟ್ಟಕ್ಕೆ ನಿಲ್ಸಿ, ಕೈ ಜೊತೆ ಮುಖಾನೂ ಪೂರ್ತಿ ಕಾಣ್ಬೇಕು, ಯಾಕಂದ್ರೆ ಸೈನ್ ಭಾಷೇಲಿ ಹುಬ್ಬು ಏರ್ಸಿ ಪ್ರಶ್ನೆ ಕೇಳ್ತೀವಿ, ಅದು ಕಾಣ್ದಿದ್ರೆ ಪ್ರಶ್ನೆನೇ ಒಪ್ಪಿಗೆ ಥರ ಕಾಣುತ್ತೆ.

ಕೇಳಿಸೋರನ್ನೂ ಸೇರ್ಸ್ಕೊಳ್ಳಿ, ಅವ್ರು ನಿಮ್ ಪರವಾಗಿ ಫೋನ್ ಕಾಲ್ ಮಾಡ್ಲಿ, ನೀವು ಸೈನ್ ಕಲ್ಸಿ. ಸೈನ್ ಕಲ್ಸೋದನ್ನ ಪುಕ್ಕಟೆ ಸಹಾಯ ಅನ್ಕೊಂಡು ಲೆಕ್ಕದಿಂದ ಬಿಡ್ಬೇಡಿ, ಅದೂ ದುಡಿಮೆನೇ.

ಆದ್ರೆ ಆಸ್ಪತ್ರೆ, ಕೋರ್ಟಿಗೆ ತರಬೇತಿ ಪಡೆದ ಇಂಟರ್‌ಪ್ರಿಟರೇ ಬೇಕು, ಅದನ್ನ ವಿನಿಮಯಕ್ಕೆ ಹಾಕ್ಲೇಬೇಡಿ. ಮತ್ತೆ ಸಾಲದ ಗಂಟೆಗೊಂದು ಮಿತಿ ಇಡಿ, ಐದೋ ಆರೋ ಮೊದ್ಲೇ ಎಲ್ರೂ ಸೇರಿ ತೀರ್ಮಾನ ಮಾಡ್ಕೊಳ್ಳಿ, ಹುಷಾರಿಲ್ದವ್ರಿಗೆ ಮಾತ್ರ ಸಡಿಲ ಮಾಡಿ.