ಸೊಂಟದ ಕೀಲು ಎಲ್ಲಿದೆ? ನಿಮ್ಮ ಮೈಯಲ್ಲೇ ಹುಡುಕುವುದು ಹೀಗೆ

ಮಂಡ್ಯದ ಕಡೆ ಯಾರಾದರೂ ‘ಸೊಂಟ ನೋವು’ ಎಂದರೆ, ಅದು ನಡುವಿನದೋ, ಪಿರ್ರೆಯದೋ, ತೊಡೆಸಂದಿನದೋ ಎಂದು ಮರಳಿ ಕೇಳದೆ ತಿಳಿಯುವುದಿಲ್ಲ. ಈ ಗೊಂದಲ ಬಿಡಿಸಿಕೊಳ್ಳಲು ಒಂದು ಗೋಡೆ, ಒಂದು ಮೆಟ್ಟಿಲು ಸಾಕು. ಇತ್ತೀಚೆಗೆ ಬಿದ್ದವರು ಮತ್ತು ಕೀಲಿನ ಶಸ್ತ್ರಚಿಕಿತ್ಸೆ ಆದವರು ಮಾತ್ರ ಇದಕ್ಕೆ ಕೈಹಾಕಬಾರದು.

ಮೊದಲು ನೆಟ್ಟಗೆ ನಿಂತು, ನಡುವಿನ ಪಕ್ಕದಲ್ಲಿ ಸಿಗುವ ಮೂಳೆಯ ಅಂಚನ್ನು ಮುಟ್ಟಿ. ಅಲ್ಲಿಂದ ಸುಮಾರು ಅಂಗೈಯಗಲ ಕೆಳಗಿಳಿದರೆ ಒಂದು ಗಟ್ಟಿ ಉಬ್ಬು ಸಿಗುತ್ತದೆ. ಪಾದವನ್ನು ಒಳಕ್ಕೂ ಹೊರಕ್ಕೂ ತಿರುಗಿಸಿದರೆ ಅದು ಬೆರಳಿನಡಿ ಹೊರಳುತ್ತದೆ. ಇದನ್ನೇ ಕೀಲೆಂದು ತಿಳಿಯುವವರಿದ್ದಾರೆ, ಆದರೆ ಇದು ತೊಡೆಮೂಳೆಯ ಹೊರ ಉಬ್ಬು. ನಿಜವಾದ ಕೀಲು ತೊಡೆಸಂದಿನ ನಡುಭಾಗದ ಹಿಂದೆ, ಬೆರಳಿಗೆ ನಿಲುಕದ ಆಳದಲ್ಲಿದೆ. ಆದ್ದರಿಂದಲೇ ಕೀಲು ಸವೆದವರಿಗೆ ನೋವು ಹೆಚ್ಚಾಗಿ ತೊಡೆಸಂದಿನಲ್ಲಿ, ಕೆಲವೊಮ್ಮೆ ಮಂಡಿಯಲ್ಲೂ ಕಾಣಿಸಿಕೊಳ್ಳುತ್ತದೆ.

ರುಬ್ಬುವ ಕಲ್ಲಿನ ಒರಳಿನಲ್ಲಿ ಗುಂಡು ಕೂತಂತೆ, ಮೂರು ಮೂಳೆಗಳು ಹದಿಹರೆಯದಲ್ಲಿ ಬೆಸೆದು ಆದ ಬಟ್ಟಲಿನಲ್ಲಿ ತೊಡೆಮೂಳೆಯ ದುಂಡುತಲೆ ಕೂತಿದೆ. ಹೋಲಿಕೆ ಅಷ್ಟಕ್ಕೇ ನಿಲ್ಲುತ್ತದೆ: ಕಲ್ಲು ನುಣುಪಾದರೆ ಉಳಿಯಿಂದ ಕುಟ್ಟಿಸುತ್ತೇವೆ, ಕೀಲಿನಲ್ಲಿ ಮೂಳೆತುದಿಗಳನ್ನು ಹೊದ್ದಿರುವ ಮೃದ್ವಸ್ಥಿಯ ನುಣುಪು ಹೋದರೇ ತೊಂದರೆ.

ಈಗ ಪಿರ್ರೆಯ ಮೇಲೆ ಅಂಗೈಯಿಟ್ಟು ಸಮನೆಲದಲ್ಲಿ ನಾಲ್ಕು ಹೆಜ್ಜೆ ನಡೆದು, ಬಳಿಕ ಒಂದು ಎತ್ತರದ ಮೆಟ್ಟಿಲು ಹತ್ತಿ. ನಡೆಯುವಾಗ ಅಷ್ಟಾಗಿ ಬಿಗಿಯದ ಸ್ನಾಯು ಹತ್ತುವಾಗ ಕಲ್ಲಿನಂತಾಗುತ್ತದೆ. ಇದು ದೇಹದ ಅತಿ ದೊಡ್ಡ ಸ್ನಾಯುವಾದ ಗ್ಲೂಟಿಯಸ್ ಮ್ಯಾಕ್ಸಿಮಸ್. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಸುವುದೂ, ಕುಕ್ಕರಗಾಲಿನಲ್ಲಿ ಕೂತು ಕಳೆ ಕಿತ್ತವರನ್ನು ಮೇಲೆಬ್ಬಿಸುವುದೂ ಬಹುಮಟ್ಟಿಗೆ ಇದೇ.

ನನ್ನ ಲೆಕ್ಕದಲ್ಲಿ ಹೆಚ್ಚು ಗಮನಿಸಬೇಕಾದದ್ದು ಇದರ ಮುಂಭಾಗದಲ್ಲಿ, ಮೇಲಕ್ಕೆ ಇರುವ ಗ್ಲೂಟಿಯಸ್ ಮೀಡಿಯಸ್. ಅದರಡಿ ಚಿಕ್ಕದಾದ ಮಿನಿಮಸ್ ಇದೆ. ಗೋಡೆಗೆ ಒಂದು ಕೈ ತಾಗಿಸಿ, ಮೊದಲು ಗುರುತಿಸಿದ ಅಂಚಿಗೂ ಉಬ್ಬಿಗೂ ನಡುವೆ ಇನ್ನೊಂದು ಕೈಯ ಬೆರಳಿಟ್ಟು, ಅದೇ ಬದಿಯ ಕಾಲಿನ ಮೇಲೆ ನಿಲ್ಲಿ. ಬೆರಳಿನಡಿ ಬಿಗಿಯುವುದು ಇವೇ. ಇವು ಸೋತರೆ ಎತ್ತಿದ ಕಾಲಿನ ಬದಿಯ ಸೊಂಟ ಕೆಳಕ್ಕೆ ವಾಲುತ್ತದೆ. ಜರ್ಮನಿಯ ಶಸ್ತ್ರವೈದ್ಯ ಟ್ರೆಂಡೆಲೆನ್‌ಬರ್ಗ್ 1895ರಲ್ಲಿ ವಿವರಿಸಿದ ಈ ಪರೀಕ್ಷೆಯನ್ನು ವೈದ್ಯರು ಇಂದಿಗೂ ಮಾಡಿಸುತ್ತಾರೆ.

ಒಂಟಿಕಾಲಿನಲ್ಲಿ ನಿಂತಾಗ ದೇಹದ ಭಾರ ಕೀಲಿನ ಒಳಬದಿಗೆ ಎಳೆಯುತ್ತದೆ. ಅದನ್ನು ಸರಿದೂಗಿಸಲು ಕೀಲಿಗೆ ಬಲು ಹತ್ತಿರದಲ್ಲಿರುವ ಈ ಸ್ನಾಯುಗಳು ಭಾರಕ್ಕಿಂತ ಹೆಚ್ಚು ಬಲದಿಂದ ಎಳೆಯಬೇಕಾಗುವುದರಿಂದ, ಕೀಲಿನ ಮೇಲೆ ದೇಹತೂಕದ ಎರಡೂವರೆ ಪಟ್ಟಿನಷ್ಟು ಒತ್ತಡ ಬೀಳುತ್ತದೆ. ನಮ್ಮ ಹಿರಿಯರಲ್ಲಿ ಕೆಲವರು ನೋಯುವ ಬದಿಯಲ್ಲೇ ಊರುಗೋಲು ಹಿಡಿಯುತ್ತಾರೆ. ಬಲಸೊಂಟ ನೋಯುತ್ತಿದ್ದರೆ ಕೋಲು ಎಡಗೈಯಲ್ಲಿರಬೇಕು. ಅಲ್ಲಿಂದ ನೆಲವನ್ನು ತುಸು ಒತ್ತಿದರೂ ಬಲಬದಿಯ ಸ್ನಾಯು ಎಳೆಯಬೇಕಾದ ಬಲ ಕಡಿಮೆಯಾಗಿ, ಕೀಲಿನ ಹೊರೆ ಇಳಿಯುತ್ತದೆ.